ಕುರಿಗಳು ಬಂದವು, ಡಾಕ್ಟರು ಬರಲಿಲ್ಲ

ಹೋದ ತಿಂಗಳು ಚೈತ್ರ ಎಂಬ ಹುಡುಗಿ ಫೋನ್ ಮಾಡಿದಳು. ನಾನು ನಿವೃತ್ತಳಾದ ಮೇಲೆ ಚಳ್ಳಕೆರೆಯ ನಮ್ಮ ಕುರಿ ಸಾಕಾಣಿಕೆದಾರರ ಒಕ್ಕೂಟದಲ್ಲಿ ನನ್ನ ಕುರ್ಚಿಗೆ ಬಂದವಳು.

"ಮೇಡಂ, ನಿಮ್ಮ ಪ್ರೋಗ್ರಾಮಿನೊಳಗೆ ಒಂದು ಕಡೆ 'ಈ ಸಾಲನ್ನು ಯಾರೂ ತೆಗೆಯಬಾರದು, ತೆಗೆದವರು ಕುರಿಗಳಿಗೆ ಉತ್ತರ ಹೇಳಬೇಕಾಗುತ್ತದೆ' ಅಂತ ಬರೆದಿದೀರ. ಕೆಳಗೆ ನಿಮ್ಮ ಹೆಸರೂ ಐತೆ. ಇದು ತಮಾಷೆನಾ, ನಿಜಾನಾ?"

ನಿಜ ಎಂದೆ. ಯಾಕೆ ಎಂದು ಕೇಳಿದಳು. ಹೇಳಲು ಶುರು ಮಾಡಿದೆ. ಅರ್ಧ ಗಂಟೆಯಾದರೂ ಕುರಿಗಳ ಹತ್ತಿರ ಬಂದಿರಲಿಲ್ಲ. "ಬರೆದು ಕಳಿಸಿಬಿಡಿ ಮೇಡಂ, ಹೊಸದಾಗಿ ಸೇರೋರೆಲ್ಲ ಓದ್ಕೋತೀವಿ" ಎಂದಳು. ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದು ಒಕ್ಕೂಟದ ಕಡತದಲ್ಲಿದೆ, ಬೇಕಾದವರು ಅಲ್ಲೇ ನೋಡಿಕೊಳ್ಳಬಹುದು. ಕಡತದಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನಮ್ಮ ಅಬ್ಬಾ ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮೊಳಕಾಲ್ಮೂರು ಕಡೆಯಿಂದ ಗಾಡಿ ತರುವವರ ಜೊತೆ ತೆಲುಗು. ಮೂರೂ ಭಾಷೆ ನನಗೆ ಯಾರೂ ಕಲಿಸದೆ ಬಂದವು. ಒಕ್ಕೂಟದವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ಕಂಪ್ಯೂಟರ್ ಡಿಪ್ಲೊಮಾ ನೋಡಿ ಎಂದು ಬಹಳ ದಿನ ನಂಬಿದ್ದೆ. ಆಮೇಲೆ ಗೊತ್ತಾಯಿತು, ಕಚೇರಿಗೆ ಬರುವ ಫೋನಿಗೆ ಮೂರು ಭಾಷೆಯಲ್ಲಿ ಉತ್ತರ ಕೊಡುವವರು ಬೇಕಾಗಿತ್ತಂತೆ.

ನನ್ನ ಮೇಲಧಿಕಾರಿ ತಿಪ್ಪೇಸ್ವಾಮಿ, ಒಕ್ಕೂಟದ ಕಾರ್ಯದರ್ಶಿ. ಮೊದಲು ಪಶು ವೈದ್ಯ ಇಲಾಖೆಯಲ್ಲಿದ್ದವರು. ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ; ಮಾತಾಡುವಾಗ ಅದರ ಕಡೆ ಬೆನ್ನು ತಿರುಗಿಸಿಯೇ ಕೂರುತ್ತಿದ್ದರು. ಆದರೆ ಅಂಗಿಯ ಜೇಬಿನಲ್ಲಿ ಗಾಜು ಒಡೆದ, ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಅಗ್ಗದ ಫೋನು ಸದಾ ಇರುತ್ತಿತ್ತು. ಹೊಸದು ಕೊಳ್ಳಲು ಆಗದವರೇನಲ್ಲ. "ನಮ್ಮ ಸದಸ್ಯರ ಕೈಲಿ ಇರೋದು ಇಂಥದೇ ಕಣಮ್ಮ. ನನ್ನತ್ರಾನೂ ಇದೇ ಇರ್ಲಿ" ಎನ್ನುತ್ತಿದ್ದರು.

ಅಲ್ಲಿಯವರೆಗೆ ಲಸಿಕೆ ಶಿಬಿರದ ತಾರೀಖು, ಸಂತೆಯ ಸುದ್ದಿ, ಔಷಧಿ ಬಂದಿದೆ ಎಂಬ ಮಾಹಿತಿ ಎಲ್ಲವನ್ನೂ ಸುಣ್ಣದಲ್ಲಿ ಹಲಗೆಯ ಮೇಲೆ ಬರೆಸುತ್ತಿದ್ದೆವು. ಜನರ ಕೈಗೆ ಫೋನ್ ಬರತೊಡಗಿದಾಗ ಇವನ್ನೆಲ್ಲ ಫೋನಿನಲ್ಲೇ ನೋಡುವಂತೆ ಒಂದು ಜಾಲಪುಟ ಮಾಡು ಎಂದು ನನಗೆ ಹೇಳಿದರು. ನಾನು ಎರಡು ತಿಂಗಳು ಕೂತು ಮಾಡಿದೆ. ಮೇಲೆ ಹಸಿರು ಹುಲ್ಲುಗಾವಲಿನ ಚಿತ್ರ, ಅದರಲ್ಲಿ ಮೇಯುವ ಕುರಿಗಳು, ಪುಟ ತೆರೆದ ಕೂಡಲೇ ಎಡದಿಂದ ಬಲಕ್ಕೆ ತೇಲಿಬರುವ ಒಕ್ಕೂಟದ ಹೆಸರು. ಆಗಿನ ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕಗಳು ಕಾಣುತ್ತಿದ್ದವು. ಅದಕ್ಕೂ ಉಪಾಯ ಹೂಡಿ, ಬರಹವನ್ನೆಲ್ಲ ಚಿತ್ರವಾಗಿ ತೆಗೆದು ಅಂಟಿಸಿದೆ. ಕಚೇರಿಯ ಕಂಪ್ಯೂಟರಿನಲ್ಲಿ ನೋಡಿದರೆ ಮದುವೆಮನೆ ಹಾಗೆ ಕಾಣುತ್ತಿತ್ತು.

ತಿಪ್ಪೇಸ್ವಾಮಿ ನೋಡಲಿಲ್ಲ. "ನಾಳೆ ಪರಶುರಾಂಪುರಕ್ಕೆ ಹೋಗಿ ನೋಡಾಣ" ಎಂದರು.

ಬಸ್ಸಿನಲ್ಲಿ ಹೋದೆವು. ಪರಶುರಾಂಪುರದಲ್ಲಿ ಇಳಿದು, ಶೇಂಗಾ ಚೀಲ ತುಂಬಿದ ಟ್ರ್ಯಾಕ್ಟರೊಂದರ ನೆರಳಿನಲ್ಲಿ ನಿಂತು, ಜೇಬಿನಿಂದ ಆ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಪುಟದ ವಿಳಾಸ ಒತ್ತಿದೆ. ಅವರು ಹೋಟೆಲಿನಲ್ಲಿ ಚಹಾ ಕುಡಿದು ಬಂದರು. ಮೊದಲ ಕುರಿಯ ತಲೆ ಬಂದಿತ್ತು. ಅವರು ಈರುಳ್ಳಿ ಮಂಡಿಯವನೊಬ್ಬನ ಹತ್ತಿರ ಮಾತಾಡಿ ಬಂದರು. ಕುರಿಯ ಕತ್ತು ಬಂದಿತ್ತು. ಕೊನೆಗೆ ಟ್ರ್ಯಾಕ್ಟರಿನವನೇ ಗಾಡಿ ತೆಗೆದುಕೊಂಡು ಹೊರಟುಹೋದ. ನಾವಿಬ್ಬರೂ ಬಿಸಿಲಿನಲ್ಲಿ ನಿಂತೆವು.

"ಈ ಕುರಿ ಬರೋದ್ರೊಳಗೆ ನಿಜವಾದ ಕುರಿ ಮೇಯ್ಕೊಂಡು ಮನಿಗೆ ಹೋಗಿರ್ತಾವೆ" ಎಂದರು ತಿಪ್ಪೇಸ್ವಾಮಿ. ಬೈಯಲಿಲ್ಲ. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಮರುದಿನದಿಂದ ಕತ್ತರಿ ಹಿಡಿದೆ. ಹುಲ್ಲುಗಾವಲು ಹೋಯಿತು, ಕುರಿಗಳು ಹೋದವು, ತೇಲುವ ಹೆಸರು ಹೋಯಿತು. ಮುಖ್ಯವಾದ ನಾಲ್ಕು ಸಾಲು ಉಳಿದವು. ಅಷ್ಟಕ್ಕೇ ಸುಮ್ಮನಿದ್ದರೆ ಈ ಕಥೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ವರವು ಕಾವಲ್ ಎಂಬ ಹುಲ್ಲುಬಯಲಿನ ಕಡೆ ಕುರಿ ಮೇಯಿಸುವವರಿಗೆ ಸಿಗ್ನಲ್ ಸಿಗುವುದೇ ಕಷ್ಟ. ಅವರಿಗೂ ಪುಟ ತಟ್ಟನೆ ತೆರೆಯಬೇಕು ಎಂಬ ಹುಮ್ಮಸ್ಸಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ಒಮ್ಮೆ ತೆರೆದ ಪುಟವನ್ನು ಫೋನು ತನ್ನಲ್ಲೇ ಎತ್ತಿಟ್ಟುಕೊಳ್ಳಬಲ್ಲದು. ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ನಾವು ಹೇಳಬಹುದು. ನಾನು ಏಳು ದಿನ ಎಂದೆ. ಆಮೇಲೆ ಸಿಗ್ನಲ್ ಇರಲಿ ಬಿಡಲಿ, ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯತೊಡಗಿತು. ಒಕ್ಕೂಟದ ಅಧ್ಯಕ್ಷರು ಸಭೆಯಲ್ಲಿ ನನಗೆ ಹಾರ ಹಾಕಿದರು. ತಿಪ್ಪೇಸ್ವಾಮಿ ಒಡೆದ ಫೋನಿನಲ್ಲಿ ಹತ್ತು ಸಲ ತೆರೆದು ನೋಡಿ "ಆಯ್ತಮ್ಮ" ಎಂದರು. ಅವರ ಬಾಯಲ್ಲಿ ಅದು ಹಾರಕ್ಕಿಂತ ದೊಡ್ಡದು.

ಆ ವರ್ಷ ಮುಂಗಾರಿನ ಮೊದಲ ಮಳೆ ಬೇಗ ಬಿತ್ತು. ಹೊಸ ಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಸಂಜೆ ಚೆನ್ನಾಗಿ ಮೇಯ್ದ ಕುರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿಯ ಕೆಳಗೆ ಸಿದ್ದಾಪುರದ ಹತ್ತಿರದ ಬಯಲಿನಲ್ಲಿ ಗುರುವಾರ ಶಿಬಿರ ಎಂದು ಪುಟದಲ್ಲಿ ಹಾಕಿದೆ. ಮಂಗಳವಾರ ಸುದ್ದಿ ಬಂತು, ಲಸಿಕೆ ಬರುವುದು ತಡವಾಗುತ್ತದೆ, ಶಿಬಿರ ಸೋಮವಾರಕ್ಕೆ ಹೋಗಿದೆ ಎಂದು. ಐದು ನಿಮಿಷದಲ್ಲಿ ಪುಟ ತಿದ್ದಿದೆ. ಹಲಗೆಯ ಕಾಲದಲ್ಲಾಗಿದ್ದರೆ ಊರೂರಿಗೆ ಸುಣ್ಣ ಹಿಡಿದು ಆಳು ಓಡಬೇಕಿತ್ತು ಎಂದು ಹೆಮ್ಮೆಪಟ್ಟುಕೊಂಡು ಊಟಕ್ಕೆ ಹೋದೆ.

ಗುರುವಾರ ಬೆಳಗ್ಗೆ ಕಚೇರಿಗೆ ಫೋನ್ ಬಂತು. ಓಬಕ್ಕ ಎಂಬ ಹೆಂಗಸು. ಆಂಧ್ರದ ಗಡಿಗೆ ಹತ್ತಿದ ಹಟ್ಟಿಯವಳು, ಗಂಡನಿಗಿಂತ ಹೆಚ್ಚು ಕುರಿ ಬಲ್ಲವಳು.

"ಅಮ್ಮಾ, ಡಾಕ್ಟರು ಎಲ್ಲಿ?"

"ಯಾವ ಡಾಕ್ಟರು?"

"ಕುರೀಗೆ ಲಸಿಕೆ ಸೂದಿ ಹಾಕೋ ಡಾಕ್ಟರು. ಬೆಳಕು ಹರಿಯೋಕೆ ಮುಂಚೆ ಹೊಂಟು ಬಂದೀವಿ. ಇಲ್ಲಿ ಬರೀ ಕುರೀನೇ ಐತೆ, ಡಾಕ್ಟರಿಲ್ಲ."

"ಶಿಬಿರ ಸೋಮವಾರ ಓಬಕ್ಕ. ನೀವು ಸರಿಯಾಗಿ ನೋಡಿಲ್ಲ."

"ನೋಡೀನಮ್ಮ. ನಂಗೆ ಅಕ್ಷರ ಬರಲ್ಲ, ಅಂಕಿ ಬರ್ತಾವೆ. ಬಸ್ಸಿನ ನಂಬರು ನೋಡಿ ನೋಡಿ ಕಲ್ತೀನಿ. ಇವತ್ತಿನ ತಾರೀಕೇ ಐತೆ."

ನಾನು ನನ್ನ ಫೋನು ತೆರೆದೆ. ಸೋಮವಾರದ ತಾರೀಖೇ ಇತ್ತು. ಸ್ವಲ್ಪ ಏರಿದ ದನಿಯಲ್ಲೇ ಹೇಳಿದೆ, "ನನ್ನ ಕಣ್ಣ ಮುಂದೆ ಐತೆ ಓಬಕ್ಕ, ನೀವು ಬೇರೆ ಏನೋ ನೋಡಿದೀರ." ಆಕೆ ಜಗಳ ಮಾಡಲಿಲ್ಲ. ಫೋನನ್ನು ಪಕ್ಕದವನಿಗೆ ಕೊಟ್ಟಳು. ಅವನೂ ಗುರುವಾರ ಎಂದ. ಅವನು ಇನ್ನೊಬ್ಬನಿಗೆ ಕೊಟ್ಟ. ಅವನೂ ಗುರುವಾರ. ಹಿಂದಿನಿಂದ ನೂರಾರು ಕುರಿಗಳ ಕೂಗು ಕೇಳಿಸುತ್ತಿತ್ತು.

ಆಗ ಹೊಳೆಯಿತು. ಏಳು ದಿನ! ಅವರೆಲ್ಲ ಭಾನುವಾರ ಪುಟ ತೆರೆದಿದ್ದರು, ನಾನು ತಿದ್ದಿದ ಮೇಲಷ್ಟೇ ತೆರೆದಿದ್ದೆ. ಅವರ ಫೋನುಗಳು ನಾನು ಹೇಳಿದ್ದನ್ನು ತಪ್ಪದೆ ಪಾಲಿಸಿ, ಹಳೆಯ ಪುಟವನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದವು.

ತಿಪ್ಪೇಸ್ವಾಮಿಯವರ ಮುಂದೆ ಹೋಗಿ ನಿಂತೆ. ತಪ್ಪು ಏನೆಂದು ವಿವರಿಸತೊಡಗಿದೆ. ಅವರು ಅರ್ಧಕ್ಕೇ ಕೈ ಎತ್ತಿದರು. "ತಪ್ಪು ನಿಂದಾ, ಅವ್ರದ್ದಾ?"

"ನಂದು ಸರ್."

"ಹಂಗಾದ್ರೆ ನಡಿ, ಜೀಪು ಹತ್ತು."

ದಾರಿಯುದ್ದಕ್ಕೂ ನಾನು ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಒಪ್ಪ ಮಾಡುತ್ತಿದ್ದೆ. ತಾಂತ್ರಿಕ ಕಾರಣ, ಅನಿವಾರ್ಯ ತೊಂದರೆ, ವಿಷಾದ. ಬಯಲಿಗೆ ಇಳಿದ ಮೇಲೆ ಆ ಪದಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂಡೆಗಳ ನೆರಳು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಕುರಿ. ನೆರಳು ಸಾಲದ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಂತಿದ್ದವು. ಜನ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಯಾರೂ ಕೂಗಲಿಲ್ಲ.

"ನಾನು ಸೋಮವಾರ ಅಂತ ತಿದ್ದಿದ್ದೆ. ಆದ್ರೆ ನಿಮ್ಮ ಫೋನಿಗೆ ಅದು ಬರದ ಹಾಗೆ ಮೊದಲೇ ನಾನೇ ಮಾಡಿಟ್ಟಿದ್ದೆ. ನೀವು ನೋಡಿದ್ದು ಸರಿ. ತಪ್ಪು ನಂದು" ಎಂದೆ. ಮತ್ತೆ ತೆಲುಗಿನಲ್ಲಿ ಅದನ್ನೇ ಹೇಳಿದೆ.

ಒಬ್ಬ ಮುದುಕ ಟವೆಲ್ ಕೊಡವಿ ಎದ್ದ. "ಸೋಮವಾರ ಬರಾಣ ಬಿಡು, ಅದ್ಕೇನು" ಎಂದ. ಹಲವರು ಎದ್ದರು. ಓಬಕ್ಕ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ನಾನು ಸೋಮವಾರ ಇರಲ್ಲಮ್ಮ. ನಾಳೆ ಮುಂಜಾನೆ ಆ ಕಡೆ ಮೇವಿಗೆ ಹೊಂಟೀವಿ, ಗಡಿ ದಾಟಿ. ಅಲ್ಲಿ ಹುಲ್ಲು ಮೊಣಕಾಲುದ್ದ ಬಂದೈತಂತೆ. ಸೂದಿ ಇಲ್ದೆ ಆ ಹುಲ್ಲಿಗೆ ಬಿಟ್ರೆ ನನ್ನ ಮರಿ ಎಷ್ಟು ಉಳೀತಾವೆ, ನೀನೇ ಹೇಳು."

ತಿಪ್ಪೇಸ್ವಾಮಿ ಹೇಳಿದರು, "ಶಮೀಮ್, ಒಂದು ಸುತ್ತು ಹೋಗಿ ಕೇಳ್ಕಂಡು ಬಾ. ಸೋಮವಾರಕ್ಕೆ ಮುಂಚೆ ಊರು ಬಿಡೋ ಹಿಂಡು ಎಷ್ಟು ಅವೆ?" ನಾನು ದುಪಟ್ಟಾವನ್ನು ತಲೆಗೆ ಬಿಗಿದು ಬಂಡೆಯಿಂದ ಬಂಡೆಗೆ ಹೋಗಿ ಎಲ್ಲರನ್ನೂ ಕೇಳಿದೆ. ಮೂರು ಹಿಂಡು ಮಾತ್ರ. ಬರುವಷ್ಟರಲ್ಲಿ ಅವರು ಒಡೆದ ಫೋನಿನಲ್ಲಿ ಪಶು ಆಸ್ಪತ್ರೆಯ ಡಾಕ್ಟರನ್ನು ಹಿಡಿದಿದ್ದರು. ತುರ್ತಿಗೆಂದು ಫ್ರಿಜ್ಜಿನಲ್ಲಿ ಸ್ವಲ್ಪ ಲಸಿಕೆ ಇತ್ತು, ಮೂರು ಹಿಂಡಿಗೆ ಸಾಕಾಗಬಹುದು, ಮಧ್ಯಾಹ್ನ ತರುತ್ತೇನೆ ಎಂದರಂತೆ ಡಾಕ್ಟರು.

ಉಳಿದವರು ನಮಗೂ ಇವತ್ತೇ ಹಾಕಿ ಎನ್ನುತ್ತಾರೇನೋ ಎಂದು ನಾನು ಹೆದರಿದ್ದೆ. ಒಬ್ಬಿಬ್ಬರು ಗೊಣಗಿದರು. ಓಬಕ್ಕ ಎದ್ದು ನಿಂತು, "ಲೇ, ನೀನು ಇಲ್ಲೇ ಇರೋನು, ನಾನು ಹೋಗೋಳು. ನಿನ್ನ ಹಿಂಡು ಹೋಗೋ ದಿನ ಬಂದ್ರೆ ನಾನು ಬಿಟ್ಟು ಕೊಡಲ್ವಾ?" ಎಂದಳು. ಗೊಣಗಿದವನು ತನ್ನ ಕುರಿ ಹೊಡೆದುಕೊಂಡು ಹೋದ.

ಡಾಕ್ಟರು ಬಂದರು. ಕುರಿ ಹಿಡಿಯಲು ಜನ ಸಾಲದೆ ನಾನೂ ಕೈಹಾಕಿದೆ. ಮೊದಲ ಕುರಿಯ ಎರಡೂ ಕಿವಿ ಬಿಗಿಯಾಗಿ ಹಿಡಿದೆ. ಅದು ನನ್ನನ್ನು ಎಳೆದುಕೊಂಡು ಹೋಗಿ ಜಾಲಿ ಮುಳ್ಳಿನ ಪಕ್ಕ ಕೆಡವಿತು. ಬೆಳಗ್ಗಿನಿಂದ ನಗದೆ ಇದ್ದವರೆಲ್ಲ ಆಗ ನಕ್ಕರು. ಓಬಕ್ಕ ನನ್ನನ್ನು ಎಬ್ಬಿಸಿದಳು. "ಇದು ಕಂಪ್ಯೂಟರ್ ಅಲ್ಲಮ್ಮ. ಕಿವಿ ಬಿಡು, ಗದ್ದ ಹಿಡಿ. ಗದ್ದ ಎತ್ತಿದ್ರೆ ಎಲ್ಲಿಗೂ ಹೋಗಲ್ಲ." ಗದ್ದ ಹಿಡಿದೆ. ನಿಜ, ಹೋಗಲಿಲ್ಲ. ಆ ದಿನ ನಾನು ಎಷ್ಟು ಕುರಿ ಹಿಡಿದೆನೋ ಲೆಕ್ಕವಿಲ್ಲ. ಮೂರನೆಯ ಹಿಂಡಿನ ಕೊನೆಯ ಮರಿಗಳ ತನಕ ಲಸಿಕೆ ಬಂತು.

ಎಲ್ಲ ಮುಗಿದು ಕೈ ತೊಳೆಯುವಾಗ ಓಬಕ್ಕ ತನ್ನ ಫೋನು ತೋರಿಸಿದಳು. ಇನ್ನೂ ಗುರುವಾರದ ತಾರೀಖೇ ಇತ್ತು.

"ಇದು ಹಳೇದು ಅಂತ ಇದಕ್ಕೆ ಗೊತ್ತಿಲ್ವಾ?"

"ಗೊತ್ತೈತೆ. ಯಾವತ್ತು ಬಂದಿದ್ದು ಅಂತ ಒಳಗೆ ಬರ್ಕೊಂಡಿರ್ತದೆ."

"ಮತ್ತೆ ಯಾಕೆ ಹೇಳಲ್ಲ?"

"ಹೇಳು ಅಂತ ನಾನು ಹೇಳಿರ್ಲಿಲ್ಲ."

ಓಬಕ್ಕ ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ಇಷ್ಟೇನಾ? ನಾಳೆ ಹೇಳಿಬಿಡು ಅದಕ್ಕೆ" ಎಂದಳು.

ಅದೇ ಆ ಸಾಲು, ಚೈತ್ರ. ಪುಟದ ತಲೆಯ ಮೇಲೆ, ಎಲ್ಲಕ್ಕಿಂತ ದೊಡ್ಡ ಅಂಕಿಗಳಲ್ಲಿ, 'ಈ ಮಾಹಿತಿ ನಿಮ್ಮ ಫೋನಿಗೆ ಬಂದ ದಿನ' ಎಂದು ತೋರಿಸುವುದು ಅದು. ಒಂದು ದಿನಕ್ಕಿಂತ ಹಳೆಯದಾದರೆ, ಕಚೇರಿಗೆ ಫೋನ್ ಮಾಡಿ ಕೇಳಿ ಎಂದು ಕೆಳಗೆ ನಂಬರು ಬರುತ್ತದೆ. ಏಳು ದಿನವನ್ನು ತೆಗೆದುಹಾಕಿ, ಸಿಗ್ನಲ್ ಸಿಕ್ಕಾಗಲೆಲ್ಲ ಹೊಸದನ್ನು ಕೇಳುವಂತೆ ಮಾಡಿದೆ. ಪುಟ ಮೊದಲಿಗಿಂತ ಒಂದು ಗಳಿಗೆ ನಿಧಾನವಾಯಿತು.

ತಿಪ್ಪೇಸ್ವಾಮಿ ನನಗೆ ನೋಟಿಸ್ ಕೊಡಲಿಲ್ಲ. ಅದರ ಬದಲು, ಆದ ತಪ್ಪನ್ನು ನಾಲ್ಕು ಸಾಲಿನಲ್ಲಿ ಬರೆದು ಅದೇ ಪುಟದಲ್ಲಿ ಒಂದು ವಾರ ಹಾಕಿಸಿದರು. ಅಧ್ಯಕ್ಷರು ಒಕ್ಕೂಟದ ಮಾನ ಹೋಗುತ್ತದೆ ಎಂದು ಕೂಗಾಡಿದರು. "ಮಾನ ಗುರುವಾರಾನೇ ಹೋಗೈತೆ ಸಾರ್. ವಾಪಸ್ ತರೋಕೆ ನೋಡ್ತಿದೀವಿ" ಎಂದರು ಇವರು. ಅದು ಬೇಗ ಬರಲಿಲ್ಲ. ಸೋಮವಾರ ಬಯಲಿಗೆ ಹೋದರೆ ಒಂದು ಕುರಿಯೂ ಇರಲಿಲ್ಲ. ಬೈಕಿನಲ್ಲಿ ಕೂತ ಒಬ್ಬ ಗಂಡಸು ಇದ್ದ. ಡಾಕ್ಟರ ಮುಖ ಕಣ್ಣಾರೆ ನೋಡಿದ ಮೇಲೆ ಹಳ್ಳಿಗಳಿಗೆ ಫೋನ್ ಮಾಡಿ "ಬಂದವ್ರೆ, ನಿಜವಾಗ್ಲೂ ಬಂದವ್ರೆ, ಹೊಂಡ್ರಿ" ಎಂದ. ಹೆಚ್ಚುಕಡಿಮೆ ಒಂದು ವರ್ಷ ಪ್ರತಿ ಶಿಬಿರಕ್ಕೂ ಹೀಗೆ ಒಬ್ಬ ಬೈಕಿನವನು ಮುಂಚೆ ಬರುತ್ತಿದ್ದ. ಅವನಿಗೆ ನಾನೇ ಚಹಾ ಕೊಡಿಸುತ್ತಿದ್ದೆ. ಒಂದು ಸಲ ಅವನು ಬರಲಿಲ್ಲ, ಕುರಿಗಳು ನೇರವಾಗಿ ಬಂದವು. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕಿದ ಬಡ್ತಿ ಎಂದರೆ ಅದು.

ಓಬಕ್ಕನ ಕುರಿಗಳು ಆರು ತಿಂಗಳ ಮೇಲೆ ವಾಪಸ್ ಬಂದವು, ಮರಿಗಳ ಸಮೇತ. ಆಕೆ ಕಚೇರಿಗೇ ಬಂದು ಹೇಳಿದಳು. ಬಂದವಳಿಗೆ ನಾನು ಹೊಸದೊಂದು ತೋರಿಸಿದೆ. ಅಕ್ಷರ ಬಾರದವರಿಗಾಗಿ, ಒತ್ತಿದರೆ ಮಾತಾಡುವ ಗುಂಡಿ. ನನ್ನದೇ ದನಿ, ಬಹಳ ಒಪ್ಪವಾಗಿ: "ಸದಸ್ಯರ ಅನುಕೂಲಕ್ಕಾಗಿ ಲಸಿಕಾ ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ."

"ಯಾರಮ್ಮ ಈಯಮ್ಮ? ಯಾರನ್ನ ಕರೀತಾಳೆ?" ಎಂದಳು ಓಬಕ್ಕ.

"ನಿಮ್ಮನ್ನೇ. ನೀವಾದ್ರೆ ಹೆಂಗೆ ಕರೀತೀರ?"

ಆಕೆ ಫೋನನ್ನು ತುಟಿಯ ಹತ್ತಿರ ಹಿಡಿದು, ಬಯಲಿನ ಆ ತುದಿಗೆ ಕೇಳುವ ದನಿಯಲ್ಲಿ, ಕುರಿಗೆ ಗೊರ್ರೆ ಎಂಬ ತೆಲುಗು ಮಾತನ್ನೇ ಬೆರೆಸಿ ಕೂಗಿದಳು. "ಏ, ಸೋಮವಾರಂ ಸೂದಿ ಹಾಕ್ತಾರ್ರೀ! ಗೊರ್ರೆಲಿಗೆ ನೀರು ಕುಡ್ಸಿ ಹೊಡ್ಕಂಡು ಬರ್ರಿ! ಬಸರಾದವನ್ನ ಬೇರೆ ಹಿಡೀರಿ!" ಪಕ್ಕದ ಕೋಣೆಯಿಂದ ಅಧ್ಯಕ್ಷರು ಎದ್ದು ಬಂದರು. ಆ ದಿನದಿಂದ ಆಕೆಯ ದನಿಯೇ ಪುಟದ ದನಿಯಾಯಿತು. ಹಟ್ಟಿಯಲ್ಲಿ ಕೂತೇ ಹೇಳಿ ಕಳಿಸುತ್ತಿದ್ದಳು, ನಾನು ಹಾಕುತ್ತಿದ್ದೆ. ಪರಶುರಾಂಪುರದ ಸಂತೆಯಲ್ಲಿ ಆಕೆ ಮಾತಾಡಿದರೆ ಜನ ತಿರುಗಿ ನೋಡಿ "ಫೋನಮ್ಮ" ಎನ್ನುತ್ತಿದ್ದರು.

ಒಂದು ದಿನ ನಾನು ಅವಸರದಲ್ಲಿ ಕೊನೆಯ ತನಕ ಕೇಳದೆ ಹಾಕಿಬಿಟ್ಟೆ. ಶಿಬಿರದ ಮಾತು ಮುಗಿದ ಮೇಲೆ ಓಬಕ್ಕ ತಾನಾಗಿ ಸೇರಿಸಿದ್ದಳು: "ಇನ್ನೊಂದು ಮಾತು, ನಮ್ಮ ಭಾವನ ಟಗರು ತಪ್ಪಿಸ್ಕಂಡೈತೆ. ಎಡಗಿವಿ ಸೀಳೈತೆ. ಕಂಡೋರು ಕಟ್ಟಿ ಹಾಕ್ರಿ, ಕೊಯ್ಯಬ್ಯಾಡ್ರಿ." ಎರಡು ತಾಲ್ಲೂಕಿನ ಸದಸ್ಯರೆಲ್ಲ ಕೇಳಿದರು. ಅಧ್ಯಕ್ಷರು ಕೆಂಡವಾದರು. ತಿಪ್ಪೇಸ್ವಾಮಿ ನನ್ನನ್ನು ಕರೆಸಿ ಬಹಳ ಗಂಭೀರವಾಗಿ ಕೇಳಿದರು, "ಇದು ಸರಿಯಾ ಶಮೀಮ್?" ಸರಿಯಲ್ಲ ಎಂದೆ. ಬಾಗಿಲು ಹಾಕಿದೆಯೇ ಎಂದು ನೋಡಿ, "ಟಗರು ಸಿಕ್ತಾ?" ಎಂದರು. ಸಿಕ್ಕಿತ್ತು. ಆ ವಾರವೇ ತಪ್ಪಿಸಿಕೊಂಡ ಕುರಿಗಳಿಗೆಂದು ಪ್ರತ್ಯೇಕ ಪುಟ ಶುರುವಾಯಿತು. ನಾನು ಇಷ್ಟು ವರ್ಷ ಮಾಡಿದ ಕೆಲಸಗಳಲ್ಲಿ ಜನ ಅತಿ ಹೆಚ್ಚು ತೆರೆಯುವುದು ಇವತ್ತಿಗೂ ಅದನ್ನೇ. ಯೋಚಿಸಿ, ಸಭೆ ಮಾಡಿ, ಒಪ್ಪಿಗೆ ಪಡೆದು ಮಾಡಿದ ಹನ್ನೊಂದು ಪುಟಗಳು ಅದರ ಹತ್ತಿರವೂ ಬರಲಿಲ್ಲ.

ತಿಪ್ಪೇಸ್ವಾಮಿ ನನಗಿಂತ ಮೊದಲು ನಿವೃತ್ತರಾದರು. ಅವರ ಜಾಗಕ್ಕೆ ಬಂದವರಿಗೆ ಪುಟ ಸಾಲದಾಯಿತು, ಆ್ಯಪ್ ಬೇಕೆಂದರು, ಅದು ತೆರೆದಾಗ ಸಂಗೀತ ಬರಬೇಕೆಂದರು. ಸಂಗೀತ ಬೇಡ ಎಂದು ನಾನು ವಾದಿಸಿ ಸೋತೆ. ಮೂರು ತಿಂಗಳು ಸಂತೆಯಲ್ಲಿ ಎಲ್ಲರ ಜೇಬಿನಿಂದಲೂ ಒಂದೇ ಸಂಗೀತ ಬರುತ್ತಿತ್ತು, ಕುರಿಗಳು ಬೆದರುತ್ತಿದ್ದವು. ಆಮೇಲೆ ಅವರೇ ತೆಗೆಸಿದರು. ಹಳೆಯ ಪುಟವನ್ನು ಮುಚ್ಚಬೇಡಿ ಎಂದು ವಾದಿಸಿದೆ, ಅದರಲ್ಲಿ ಗೆದ್ದೆ.

ನಿವೃತ್ತಿಯ ದಿನ, ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ನೆಮ್ಮದಿಯಲ್ಲಿ ಮನೆಗೆ ಬಂದೆ. ಈ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡೆ. ಕಪ್ಪು ಕನ್ನಡಕ ಹಾಕಿಕೊಂಡು ಮೊನ್ನೆ ಮೊಳಕಾಲ್ಮೂರಿಗೆ ಒಂದು ಮದುವೆಗೆ ಹೊರಟಿದ್ದೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಡ. ಚೈತ್ರ ಹೊಸದಾಗಿ ಮಾಡಿದ ಪುಟ ಹೇಗಿದೆ ನೋಡೋಣ ಎಂದು ಫೋನು ತೆರೆದೆ. ಏನೂ ಕಾಣಲಿಲ್ಲ. ಕನ್ನಡಕ ಏರಿಸಿ ಇಳಿಸಿ ನೋಡಿದೆ. ಬರೀ ಹೊಳಪು, ಅದರೊಳಗೆ ನನ್ನದೇ ಮುಖ. ಆಪರೇಷನ್ ಕೆಟ್ಟಿತೇನೋ ಎಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ.

ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ನನ್ನ ಗುರುತು ಆಕೆಗಿಲ್ಲ, ಆಕೆಯದು ನನಗಿಲ್ಲ.

"ಕಣ್ಣು ಸರಿ ಐತೆ ಬಿಡ್ರಿ, ಬಿಸಿಲಾಗೆ ಅದು ಯಾರ್ಗೂ ಕಾಣಲ್ಲ. ಹಿಂಗೆ ನೋಡ್ಬೇಕು" ಎಂದು ತನ್ನ ಸೆರಗನ್ನು ಎತ್ತಿ ನನ್ನ ತಲೆಯನ್ನೂ ಫೋನನ್ನೂ ಸೇರಿಸಿ ಮುಚ್ಚಿದಳು. ತಾನೂ ಒಳಗೆ ಬಂದಳು. ಕೊತ್ತಂಬರಿ ಸೊಪ್ಪಿನ ವಾಸನೆಯ ಆ ನಸುಗತ್ತಲೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು.

"ಎಷ್ಟು ದಿನದಿಂದ ಹಿಂಗೆ ನೋಡ್ತೀರಿ?" ಎಂದೆ.

"ಫೋನ್ ಬಂದಾಗಿಂದ. ಹೊಲದಾಗೆ ಎಲ್ರೂ ಹಿಂಗೇ."

"ಫೋನಿನಲ್ಲಿ ಪುಟ ಮಾಡೋರಿಗೆ ಯಾರಾದ್ರೂ ಹೇಳಿದೀರಾ?"

"ಯಾರು ಕೇಳಿದಾರೆ?"

ಇಷ್ಟು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕೂತು ಬಣ್ಣ ಆರಿಸಿದವಳು ನಾನು. ಬಿಸಿಲಿನಲ್ಲಿ ಪುಟ ಬೇಗ ತೆರೆಯುತ್ತದೆಯೇ ಎಂದು ನೋಡಿದ್ದೆ. ತೆರೆದ ಮೇಲೆ ಕಾಣುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಸೆರಗಿನೊಳಗೇ ನಗು ಬಂತು. ಯಾಕೆ ನಗುತ್ತೇನೆಂದು ಗೊತ್ತಿಲ್ಲದೆ ಆಕೆಯೂ ನಕ್ಕಳು.

ಬಸ್ಸು ಹತ್ತಿದ ಕೂಡಲೇ ಚೈತ್ರಳಿಗೆ ಫೋನ್ ಮಾಡಿ, ತಿಳಿ ಬೂದು ಬಣ್ಣ ಬಿಟ್ಟು ಅಕ್ಷರಗಳನ್ನೆಲ್ಲ ದಟ್ಟ ಕಪ್ಪು ಮಾಡಲು ಹೇಳಿದೆ.

"ಇಲ್ಲಿ ಚೆನ್ನಾಗೇ ಕಾಣ್ತಿದೆ ಮೇಡಂ" ಎಂದಳು.

"ಎಲ್ಲಿ ಕೂತಿದೀಯಾ?"

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು, ಬಾಗಿಲು ತೆರೆದ ಸದ್ದು, ಚಪ್ಪಲಿ ಮೆಟ್ಟಿಲಿಳಿದ ಸದ್ದು. ಆಮೇಲೆ ರಸ್ತೆಯ ಲಾರಿ ಹಾರನ್ನಿನ ನಡುವೆ ಅವಳ ದನಿ ಬಂತು.

"ಅಯ್ಯೋ ಮೇಡಂ, ಇಲ್ಲಿ ನಾನೇ ಕಾಣ್ತಿದೀನಿ!"